ಜಿಗಿತದ ಗುಂಡಿಯ ಮರಳು

ಕೆಜಿಎಫ್‌ನ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅದಾಗಿ ಕೆಲವು ವರ್ಷಗಳ ನಂತರ ನಾನು ಕೋರಮಂಡಲ್ ಕಡೆಯ ಒಂದು ಕನ್ನಡ ಶಾಲೆಗೆ ಎಂಟನೇ ತರಗತಿಗೆ ಸೇರಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಕಿಟಕಿಯ ಸರಳಿಗೆ ಕಟ್ಟಿದ್ದ ಒಂದು ಒದ್ದೆ ಬಿಳಿ ಬಟ್ಟೆ. ಹಳೆಯ ಪಂಚೆಯಿಂದ ಕತ್ತರಿಸಿದ, ಕರವಸ್ತ್ರದಷ್ಟು ಅಗಲದ ತುಂಡು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ವಿಜ್ಞಾನದ ಮೇಷ್ಟ್ರು ಅದನ್ನು ನಲ್ಲಿಯಲ್ಲಿ ನೆನೆಸಿ, ಹಿಂಡಿ, ನಾಲ್ಕು ಮೂಲೆಗೂ ದಾರ ಹಾಕಿ ಬಿಗಿದು ಕಟ್ಟುತ್ತಿದ್ದರು. ಸಂಜೆ ಬಿಚ್ಚುವಾಗ ಅದು ಬಿಳಿಯಾಗಿರುತ್ತಿರಲಿಲ್ಲ. ಆಷಾಢದ ಗಾಳಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೇ ಹಳದಿ ಕೆಸರು ಸವರಿದಂತಾಗುತ್ತಿತ್ತು. ಅವರು ಅದನ್ನು ಒಣಗಿಸಿ, ಅಂಚಿನಲ್ಲಿ ಬಾಲ್‌ಪೆನ್ನಿನಿಂದ ತಾರೀಖು ಬರೆದು, ಪ್ರಯೋಗಾಲಯ ಎಂದು ನಾವು ಕರೆಯುತ್ತಿದ್ದ ಕೋಣೆಯ ತಗಡಿನ ಟ್ರಂಕಿನಲ್ಲಿ ಮಡಿಸಿ ಇಡುತ್ತಿದ್ದರು.

ಇದೇನು ಸಾರ್ ಎಂದು ಕೇಳಿದವರಿಗೆ ಒಂದೇ ಉತ್ತರ: "ನಿಮ್ಗೆಲ್ಲ ಆಜರಿ ತಗೋತೀನಲ್ಲ, ಗಾಳಿಗೆ ಬೇಡ್ವೇನ್ಲಾ?"

ಗಾಳಿ ಬರುತ್ತಿದ್ದದ್ದು ಸೈನೈಡ್ ಗುಡ್ಡದ ಮೇಲಿನಿಂದ. ನೆಲದಾಳದಿಂದ ತಂದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ತೊಳೆದು, ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಒಂದೆಡೆ ಸುರಿದು ಆದ ಗುಡ್ಡಗಳು ಅವು. ಊರಿನವರಿಗೆ ಅವು ಯಾವ ಬೆಟ್ಟಕ್ಕೂ ಕಡಿಮೆಯಲ್ಲ. ಮಕ್ಕಳು ಹತ್ತಿ ಜಾರುತ್ತಿದ್ದರು. ಗಣಿ ಕಾರ್ಮಿಕರ ಲೈನು ಮನೆಗಳ ಹೆಂಗಸರು ಆ ನುಣ್ಣನೆಯ ಮರಳನ್ನು ಡಬ್ಬಿಯಲ್ಲಿ ತಂದು ಪಾತ್ರೆ ಬೆಳಗುತ್ತಿದ್ದರು. ಮನೆ ಕಟ್ಟುವವರು ಗಾರೆಗೆ ಬೆರೆಸುತ್ತಿದ್ದರು. ಹತ್ತಿರದಲ್ಲಿತ್ತು, ಬಿಟ್ಟಿಯಾಗಿತ್ತು, ಕೇಳುವವರು ಇರಲಿಲ್ಲ.

ಮೇಷ್ಟ್ರು ಬೂದಿಕೋಟೆಯ ಕಡೆಯವರು. ಹಸು, ರಾಗಿ ಹೊಲ ಇದ್ದ ಮನೆ. ಬೆಳಗಿನ ಮೊದಲ ಬಸ್ಸಿಗೆ ಬಂಗಾರಪೇಟೆ, ಅಲ್ಲಿಂದ ರೈಲಿನಲ್ಲಿ ಕೋರಮಂಡಲ್. ರೈಲಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಬಳಿ ನಿಂತೇ ಬರುತ್ತಿದ್ದರಂತೆ. ತರಗತಿಯಲ್ಲೂ ಕೂತದ್ದನ್ನು ನಾನು ನೋಡಿಲ್ಲ. ಅವರ ಕುರ್ಚಿಯ ಮೇಲೆ ಸೀಮೆಸುಣ್ಣದ ಡಬ್ಬಿ ಮತ್ತು ಒಂದು ಕಲ್ಲು ಇರುತ್ತಿದ್ದವು. ಪಾಠದ ಮಧ್ಯೆ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಹೊರಗೆ ಹೋಗಿ, ಹುಬ್ಬಿನ ಮೇಲೆ ಅಂಗೈ ಇಟ್ಟು ಗುಡ್ಡದ ನೆತ್ತಿ ನೋಡಿ, ಒಳಗೆ ಬಂದು ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಅವರ ಚಪ್ಪಲಿಗಳು ಹೊರಗಿನ ಅಂಚಿನಲ್ಲಿ ಮಾತ್ರ ಸವೆದಿರುತ್ತಿದ್ದವು.

ಪುಸ್ತಕದ ಕನ್ನಡ ಅವರ ಬಾಯಲ್ಲಿ ಐದು ನಿಮಿಷ ಇರುತ್ತಿತ್ತು. ಪರಿಸರ ಎಂದರೆ ಜೈವಿಕ ಮತ್ತು ಅಜೈವಿಕ ಘಟಕಗಳ ಪರಸ್ಪರ ಸಂಬಂಧ ಎಂದು ಬರೆಸಿ, ಡಸ್ಟರ್ ಇಟ್ಟು, ಊರ ಮಾತಿಗೆ ಇಳಿಯುತ್ತಿದ್ದರು. "ಇದು ಪರೀಕ್ಷೆಗೆ. ಈಗ ಪಾಠ. ಯಾವ್ದೇ ಸಾಮಾನ್ ತಗೊಳ್ಳಿ, ಎಲ್ಡೇ ಪ್ರಶ್ನೆ. ಎಲ್ಲಿಂದ ಬಂತು? ಎಲ್ಲಿಗ್ ಓಯ್ತು?"

ಒಂದು ದಿನ ಬಟ್ಟೆಗೆ ಹಾಕುವ ನೀಲಿಯ ಬಾಟಲಿಯನ್ನು ತಂದು ಶಾಲೆಯ ಚರಂಡಿಗೆ ಪೂರ್ತಿ ಸುರಿದರು. ಅದರ ಹಿಂದೆಯೇ ನಮ್ಮನ್ನು ನಡೆಸಿದರು. ಲೈನು ಮನೆಗಳ ಸಂದಿ, ರೈಲು ಹಳಿಯ ಕೆಳಗಿನ ತೂಬು, ಮುಳ್ಳುಗಿಡ ದಾಟಿದ ಮೇಲೆ ಚರಂಡಿ ಒಂದು ಕುಂಟೆಗೆ ಸೇರುತ್ತಿತ್ತು. ಅಷ್ಟು ಹೊತ್ತಿಗೆ ನೀಲಿ ಕಾಣುತ್ತಿರಲಿಲ್ಲ. ಕುಂಟೆಯಲ್ಲಿ ಎರಡು ಎಮ್ಮೆಗಳು ಮೂತಿ ಇಟ್ಟು ನೀರು ಕುಡಿಯುತ್ತಿದ್ದವು.

"ಓಗ್ಬಿಡ್ತು ಸಾರ್," ಎಂದ ಒಬ್ಬ ಸಹಪಾಠಿ.

"ಓಗಿಲ್ಲ ಕಣ್ಲಾ. ನಿನ್ ಕಣ್ಣಿಗ್ ಕಾಣ್ತಿಲ್ಲ, ಅಷ್ಟೆ. ಆ ಎಮ್ಮೆ ಆಲು ಯಾರ್ ಮನೇಗ್ ಓಯ್ತದೆ?"

"ನಮ್ಮನೇಗೇ ಸಾರ್."

"ಅಂಗಾರೆ ನಾಳೆ ಟೀ ಕುಡೀವಾಗ ನೆನೆಸ್ಕೋ."

ಮನೆಗೆ ಹೋಗಿ ಅವನು ಟೀ ಬೇಡ ಎಂದನಂತೆ. ಮರುದಿನ ಅವನ ತಾಯಿ ಶಾಲೆಗೆ ಬಂದು ತಮಿಳು, ಕನ್ನಡ ಎರಡರಲ್ಲೂ ಮೇಷ್ಟ್ರನ್ನು ತರಾಟೆಗೆ ತೆಗೆದುಕೊಂಡರು. ಮೇಷ್ಟ್ರು ಎರಡೂ ಭಾಷೆಯಲ್ಲಿ ಕ್ಷಮೆ ಕೇಳಿದರು. ನಂತರ ಆಕೆಯನ್ನೂ ಚರಂಡಿಯ ಹಿಂದೆ ನಡೆಸಿಕೊಂಡು ಹೋದರು.

ಇನ್ನೊಮ್ಮೆ ಇಡೀ ತರಗತಿಯನ್ನು ಬೂದಿಕೋಟೆಗೆ ಕರೆದೊಯ್ದು ತಮ್ಮ ಮನೆಯ ಹಿತ್ತಲಿನ ತಿಪ್ಪೆ ತೋರಿಸಿದರು. ಗಣಿಯ ಮಕ್ಕಳಾದ ನಾವು ಮೂಗು ಮುಚ್ಚಿಕೊಂಡೆವು. ಅವರು ಸೆಗಣಿ, ಬೂದಿ, ರಾಗಿ ಹುಲ್ಲಿನ ಚೂರು ಕೊಳೆತು ಕಪ್ಪಾದ ಗೊಬ್ಬರವನ್ನು ಮುಷ್ಟಿಯಲ್ಲಿ ತೆಗೆದು ಮೂಸಿದರು. "ನಿಮ್ಮೂರಲ್ಲಿ ಒಂದ್ ಗುಡ್ಡ ಐತೆ, ನಮ್ಮೂರಲ್ಲಿ ಒಂದ್ ಗುಡ್ಡ ಐತೆ. ಇದು ವರ್ಸಕ್ಕೊಂದ್ಸಲ ಒಲಕ್ಕೆ ಓಗಿ ರಾಗಿ ಆಗಿ ವಾಪಸ್ ಬತ್ತದೆ. ಅದು ಎಲ್ಲೂ ಓಗಕ್ಕಾಗ್ದೆ ಊರ್ ಮೇಲೇ ಕುಂತೈತೆ. ಇಷ್ಟೇ ನಾನ್ ಏಳೋ ಪಾಠ. ಬಾಕಿದೆಲ್ಲ ಪುಸ್ತಕದಾಗೈತೆ." ಅವರ ಹೆಂಡತಿ ಒಳಗಿನಿಂದ ಕೂಗಿದರು: "ಮೊದ್ಲು ಕೈ ತೊಳ್ಕಂಡು ಮಕ್ಕಳಿಗೆ ಮಜ್ಜಿಗೆ ಕೊಡಿ."

ಒಂಬತ್ತನೇ ತರಗತಿಯಲ್ಲಿ ಮನೆಕೆಲಸ ಕೊಟ್ಟರು. ಶಾಲೆಯಲ್ಲಿರುವ ಒಂದು ವಸ್ತು ಆರಿಸಿಕೊಂಡು ಅದೇ ಎರಡು ಪ್ರಶ್ನೆಗೆ ಉತ್ತರ ಬರೆದು ತರಬೇಕು. ನಾನು ಬೆಂಚಿನ ಮರದ ಬಗ್ಗೆ ಏನೋ ಬರೆದೆ. ನಂದಿದುರ್ಗ ಗಣಿಯ ಲೈನಿನಿಂದ ಬರುತ್ತಿದ್ದ ನನ್ನ ಗೆಳತಿ ಶಾಲೆಯ ಹಳೆಯ ಜವಾನನನ್ನು ವಿಚಾರಿಸಿ ಬರೆದು ತಂದಳು. ಅವಳೂ ನಾನೂ ಉದ್ದ ಜಿಗಿತದವರು, ಸಂಜೆ ಒಟ್ಟಿಗೆ ಅಭ್ಯಾಸ ಮಾಡುತ್ತಿದ್ದೆವು. ಅವಳ ತಾತ ಗಣಿಯಲ್ಲಿ ಕೆಲಸ ಮಾಡಿದವರು, ಮನೆಯಲ್ಲಿ ಚಾಪೆ ಹಿಡಿದು ಕೆಮ್ಮುತ್ತಿದ್ದರು.

ಮೇಷ್ಟ್ರು ಅಭ್ಯಾಸದಂತೆ ಓಡಾಡುತ್ತಲೇ ಅವಳ ಪುಸ್ತಕವನ್ನು ಗಟ್ಟಿಯಾಗಿ ಓದಿದರು. "ವಸ್ತು: ಉದ್ದ ಜಿಗಿತದ ಗುಂಡಿಯ ಮರಳು. ಎಲ್ಲಿಂದ ಬಂತು: ಸೈನೈಡ್ ಗುಡ್ಡದಿಂದ, ಎರಡು ಟ್ರ್ಯಾಕ್ಟರ್. ತಂದವರು: ನಮ್ಮ ವಿಜ್ಞಾನದ ಸಾರ್. ಎಲ್ಲಿಗೆ ಹೋಗುತ್ತದೆ: ನಮ್ಮ ಕಾಲುಚೀಲಕ್ಕೆ, ಲಂಗದ ಅಂಚಿಗೆ, ಮನೆಗೆ, ತಾತನ ಚಾಪೆಗೆ."

ಅವರು ನಿಂತರು. ತರಗತಿಯಲ್ಲಿ ಅವರ ಕಾಲು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅದು ನಿಜವಾಗಿತ್ತು. ಅವರು ಆ ಶಾಲೆಗೆ ಹೊಸದಾಗಿ ಬಂದಾಗ, ಗಣಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, ಗಟ್ಟಿ ನೆಲಕ್ಕೆ ಜಿಗಿದು ಮಕ್ಕಳ ಮಂಡಿ ಒಡೆಯುತ್ತಿದ್ದವು. ಹೊಳೆಮರಳಿಗೆ ಶಾಲೆಯಲ್ಲಿ ದುಡ್ಡಿರಲಿಲ್ಲ. ಗುಡ್ಡದ ಮರಳು ಹತ್ತಿಯಷ್ಟು ಮೆತ್ತಗಿತ್ತು. ಯುವಕ ಮೇಷ್ಟ್ರು ಒಬ್ಬ ಪೋಷಕರ ಟ್ರ್ಯಾಕ್ಟರಿನಲ್ಲಿ ತರಿಸಿ, ತಾವೇ ಸಲಿಕೆ ಹಿಡಿದು ಗುಂಡಿ ತುಂಬಿದ್ದರು. ಆಗ ಎಲ್ಲರೂ ಹೊಗಳಿದ್ದರು. ನಂತರದ ವರ್ಷಗಳಲ್ಲಿ ಗುಡ್ಡದ ಧೂಳನ್ನು ಹಿಡಿಯಲು ಕಿಟಕಿಗೆ ಬಟ್ಟೆ ಕಟ್ಟಿದ ಅದೇ ವ್ಯಕ್ತಿಗೆ, ಕಿಟಕಿಯಿಂದ ಮೂವತ್ತು ಹೆಜ್ಜೆ ದೂರದ ಗುಂಡಿ ನೆನಪಾಗಿರಲಿಲ್ಲ.

"ಕರೆಕ್ಟಾಗಿ ಬರ್ದಿದ್ದೀಯ," ಎಂದು ಗೆಳತಿಗೆ ಪುಸ್ತಕ ವಾಪಸು ಕೊಟ್ಟು ಹೊರಗೆ ಹೋದರು. ಆ ದಿನ ವಾಕ್ಯ ಮುಂದುವರಿಸಲು ವಾಪಸು ಬರಲಿಲ್ಲ. ಸಂಜೆ ಗುಂಡಿಯ ಮೇಲೆ ಟಾರ್ಪಾಲು ಬಿದ್ದಿತ್ತು, ಸುತ್ತಲೂ ಕಲ್ಲು ಹೇರಿದ್ದರು.

ತಾಲ್ಲೂಕು ಕ್ರೀಡಾಕೂಟಕ್ಕೆ ಆಗ ಎಂಟು ದಿನ ಉಳಿದಿತ್ತು. ಎರಡು ದಿನದ ನಂತರ ಟಾರ್ಪಾಲು ಬದಿಗೆ ಸರಿದಿತ್ತು. ಸರಿಸಿದವರು ಮೇಷ್ಟ್ರೇ. ಪ್ರತಿ ಸಂಜೆ ನಾವು ಜಿಗಿಯುವ ಮೊದಲು ಅವರು ಕೊಡಗಳಲ್ಲಿ ನೀರು ಹೊತ್ತು ತಂದು ಗುಂಡಿ ನೆನೆಸುತ್ತಿದ್ದರು. ಮರಳು ಕಾಲಿಗೆ ತಣ್ಣಗೆ ಹತ್ತುತ್ತಿತ್ತು. ಬಿದ್ದಾಗ ನೋವಾಗದಿರಲಿ ಎಂದು ನೀರು ಹಾಕುತ್ತಾರೆ ಎಂದುಕೊಂಡಿದ್ದೆ. ಜಿಗಿದು ಎದ್ದ ಕೂಡಲೇ, "ಓಗಿ ಕಾಲ್ ತೊಳ್ಕಂಡ್ ಬಾ," ಎನ್ನುತ್ತಿದ್ದರು. ಹತ್ತು ಸಲ ಜಿಗಿದರೆ ಹತ್ತು ಸಲ.

ನನಗೆ ತಾಲ್ಲೂಕಿಗೆ ಮೊದಲ ಸ್ಥಾನ ಬಂತು. ಗೆದ್ದ ಕಪ್ ಮುಖ್ಯೋಪಾಧ್ಯಾಯರ ಕೋಣೆಯ ಗಾಜಿನ ಬೀರುವಿಗೆ ಹೋಯಿತು. ಮರುವಾರ ಮೇಷ್ಟ್ರು ಗುಂಡಿಯ ಮೇಲೆ ಒಂದು ಅಡಿ ಕೆಮ್ಮಣ್ಣು ಹಾಕಿಸಿ ತುಳಿಸಿದರು.

"ಮುಚ್ಬುಟ್ವಿ," ಎಂದರು ನಮಗೆ.

"ಮುಚ್ಚಿದ್ರೆ ಓಯ್ತಾ ಸಾರ್?" ಎಂದಳು ನಂದಿದುರ್ಗದ ಗೆಳತಿ.

ಅವರು ಕೆಮ್ಮಣ್ಣಿನ ಅಂಚನ್ನು ಇನ್ನೊಂದು ಸಲ ಕಾಲಿನಿಂದ ತುಳಿದರು.

ಓದು ಮುಗಿಸಿ ನಾನು ಬಂಗಾರಪೇಟೆಯಲ್ಲಿ ಒಂದು ಪತ್ರಿಕೆಯ ತಾಲ್ಲೂಕು ವರದಿಗಾರ್ತಿಯಾದೆ. ರೈಲು ನಿಲ್ದಾಣದ ರಸ್ತೆಯಲ್ಲಿ ಮೊದಲ ಮಹಡಿಯ ಒಂದು ಕೋಣೆ. ಮೇಷ್ಟ್ರು ನಿವೃತ್ತರಾಗಿದ್ದರು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ನೋಡದೆಯೇ ಗೊತ್ತಾಯಿತು. ಒಳಗೆ ಬಂದವರು ಕೂರಲಿಲ್ಲ.

"ಬರ್ಕೊಳಮ್ಮ," ಎಂದರು.

ಪಿಂಚಣಿಯ ಯಾವುದೋ ಸಹಿಗಾಗಿ ಶಾಲೆಗೆ ಹೋಗಿದ್ದರು. ಹೊಸದಾಗಿ ಬಂದ ದೈಹಿಕ ಶಿಕ್ಷಕರು ಹಳೆಯ ಗುಂಡಿ ಎಲ್ಲಿತ್ತೆಂದು ಕೇಳಿ ತಿಳಿದು ಅಗೆಸಿದ್ದರು. ಕೆಳಗೆ ಒಳ್ಳೆಯ ನುಣ್ಣನೆಯ ಮರಳು ಸಿಕ್ಕಿತೆಂದು ಎಲ್ಲರಿಗೂ ಖುಷಿ. ಮಕ್ಕಳು ಜಿಗಿದಾಗಲೆಲ್ಲ ಸೊಂಟದೆತ್ತರ ಹಳದಿ ಧೂಳು ಏಳುತ್ತಿತ್ತು.

"ಅವ್ರಿಗೆ ಏನ್ ಗೊತ್ತು, ಪಾಪ. ನಾನು ಮುಚ್ಚಿಟ್ಟಿದ್ದೆ, ಅವ್ರು ತೆಗುದ್ರು. ಎಲ್ಲೂ ಓಗಿರ್ಲಿಲ್ಲ, ಅಲ್ಲೇ ಇತ್ತು." ಕಿಟಕಿಗೆ ಹೋದರು, ಬಾಗಿಲಿಗೆ ಬಂದರು. "ನನ್ ಎಸ್ರು ಆಕು. ತಂದಿದ್ದು ನಾನು ಅಂತ ಬರಿ. ತರೋವಾಗ ಗೊತ್ತಿರ್ಲಿಲ್ಲ, ಅದುನ್ನೂ ಬರಿ. ಆದ್ರೆ ಕ್ರೀಡಾಕೂಟಕ್ ಮುಂಚಿನ್ ಆ ಎಂಟು ದಿನ ಗೊತ್ತಿತ್ತು. ಆ ಉಡ್ಗಿ ಬರೆದ್ ತಂದ್ಮೇಲೂ ಟಾರ್ಪಾಲ್ ತೆಗುದ್ನಲ್ಲ, ಅದು ಗೊತ್ತಿದ್ದೇ."

"ಯಾಕೆ ತೆಗೆದ್ರಿ ಸಾರ್?"

"ನೀನು ಗೆಲ್ತೀಯ ಅಂತ."

ನಾನು ಶಾಲೆಗೆ ಹೋದೆ, ಗುಂಡಿ ನೋಡಿದೆ, ಅಧಿಕಾರಿಗಳನ್ನು ಕೇಳಿದೆ. ಆ ಮರಳಿನಲ್ಲಿ ಸೈನೈಡ್ ಈಗಲೂ ಉಳಿದಿದೆಯೇ ಎಂಬುದಕ್ಕೆ ಮೂವರು ಮೂರು ಉತ್ತರ ಕೊಟ್ಟರು. ಬಿಸಿಲಿಗೆ, ಮಳೆಗೆ ಹೋಗಿರುತ್ತದೆ ಎಂದರು ಒಬ್ಬರು. ನುಣ್ಣನೆಯ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಿಲ್ಲ. ವರದಿ ಬರೆದೆ. ಅದರಲ್ಲಿ ಮೇಷ್ಟ್ರ ಬಗ್ಗೆ ನಾಲ್ಕು ವಾಕ್ಯಗಳಿದ್ದವು. ಕಳುಹಿಸುವ ಮೊದಲು ಆ ನಾಲ್ಕನ್ನೂ ತೆಗೆದೆ. ತೆಗೆದದ್ದು ಡೆಸ್ಕಿನವರಲ್ಲ, ನಾನು.

ವರದಿ ಬಂದ ದಿನವೇ ಅವರು ಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿದರು.

"ಇದ್ರಲ್ಲಿ ನಾನ್ ಎಲ್ಲಮ್ಮ?"

"ಜಾಗ ಇರಲಿಲ್ಲ ಸಾರ್."

ಅವರು ಪುಟವನ್ನು ಮೇಜಿನ ಮೇಲೆ ಹರವಿ ಬೆರಳಿಟ್ಟರು. ಒಂದು ಸೀರೆ ಅಂಗಡಿಯ ಜಾಹೀರಾತಿನ ಖಾಲಿ ಬಿಳಿ ಭಾಗ. "ಇಲ್ಲಿ ಜಾಗ ಐತೆ." ಫೋಟೊದ ಕೆಳಗೆ ಬೆರಳಿಟ್ಟರು. "ಇಲ್ಲೈತೆ." ಅಂಚಿನ ಉದ್ದಕ್ಕೂ ಬೆರಳು ಎಳೆದರು. "ಈ ಸುತ್ತಾನೂ ಐತೆ. ನೀನು ಬರ್ದಿದ್ದಾ, ಇಲ್ವಾ?"

"ಬರೆದಿದ್ದೆ."

"ಅಂಗಾರೆ ಅದು ಎಲ್ಲಿಗ್ ಓಯ್ತು?"

ನಾನು ತೆಗೆದೆ ಎಂದು ಹೇಳಲಿಲ್ಲ. ಟೀ ತರಿಸುತ್ತೇನೆ ಎಂದೆ. ಅವರು ಅಷ್ಟರಲ್ಲಿ ಮೆಟ್ಟಿಲು ಇಳಿಯುತ್ತಿದ್ದರು.

ವರದಿಯ ನಂತರ ಶಾಲೆಗೆ ಅಧಿಕಾರಿಗಳ ಜೀಪು ಬಂತು. ಗುಂಡಿಯ ಸುತ್ತ ಹಗ್ಗ ಕಟ್ಟಿದರು, ಟಾರ್ಪಾಲು ಹೊದಿಸಿದರು. ಮರಳನ್ನು ಶೀಘ್ರವೇ ವಿಲೇವಾರಿ ಮಾಡಲಾಗುವುದು ಎಂದು ಒಂದು ಪತ್ರ ಬಂತು. ಅದನ್ನೂ ನಾನು ವರದಿ ಮಾಡಿದೆ. ಮೇಷ್ಟ್ರು ಫೋನ್ ಮಾಡಿದರು. "ವಿಲೇವಾರಿ ಅನ್ನೋ ಊರು ಯಾವ್ ತಾಲ್ಲೂಕಿಗ್ ಬತ್ತದಮ್ಮ? ಬಂಗಾರಪೇಟೆ ಸ್ಟ್ಯಾಂಡಿಂದ ಬಸ್ ಐತಾ ಅಲ್ಲಿಗೆ?"

ಬಸ್ಸಿರಲಿಲ್ಲ. ತಿಂಗಳುಗಳು ಹೋದವು. ಮುಖ್ಯೋಪಾಧ್ಯಾಯಿನಿ ಕಾಂಪೌಂಡಿನ ಹಿಂದೆ ಹಾಕಿಸುತ್ತೇನೆ ಎಂದರು. "ಅಲ್ಲಿಂದ?" ಎಂದರು ಮೇಷ್ಟ್ರು. ಗುತ್ತಿಗೆದಾರರೊಬ್ಬರು ಹಳೆಯ ಕಲ್ಲುಕ್ವಾರಿಯಲ್ಲಿ ಸುರಿಯೋಣ ಎಂದರು. "ಅದ್ರಲ್ಲಿ ನೀರು ನಿಂತೈತೆ. ಆ ನೀರು ಎಲ್ಲಿಗ್ ಓಯ್ತದೆ?" ಶಾಲೆಯ ನೆರೆಯವರೊಬ್ಬರು ತಮ್ಮ ಹೊಸ ಮನೆಯ ತಳಪಾಯಕ್ಕೆ ತುಂಬಿಸಿಕೊಳ್ಳುತ್ತೇವೆ, ಕೊಡಿ ಎಂದರು. ಮೇಷ್ಟ್ರು ಅವರ ಜೊತೆ ಮಾತು ಬಿಟ್ಟರು. ಅವರ ಲೆಕ್ಕದಲ್ಲಿ ಆ ಮರಳು ಹೋಗಬಹುದಾದ ಜಾಗ ಒಂದೇ ಇತ್ತು, ಅದು ಬಂದ ಜಾಗ.

ಭಾನುವಾರಗಳಲ್ಲಿ ಬೂದಿಕೋಟೆಯಿಂದ ಟಿವಿಎಸ್ ಗಾಡಿಯಲ್ಲಿ ಬರತೊಡಗಿದರು. ಮನೆಯ ಹಸುಗಳಿಗೆ ಬೂಸಾ ಬಂದ ಖಾಲಿ ಚೀಲಗಳನ್ನು ತರುತ್ತಿದ್ದರು. ಮೂಗು ಬಾಯಿಗೆ ಒದ್ದೆ ಟವೆಲು ಕಟ್ಟಿಕೊಂಡು, ಮರಳಿಗೆ ನೀರು ಚಿಮುಕಿಸಿ, ಅರ್ಧ ಚೀಲ ತುಂಬಿ, ಹೊಲಿದು, ಗಾಡಿಯ ಮುಂದೆ ಕಾಲ ಬಳಿ ಇಟ್ಟುಕೊಂಡು ಗುಡ್ಡದ ಬುಡಕ್ಕೆ ಒಯ್ಯುತ್ತಿದ್ದರು. ಮೊದಲ ದಿನ ಗುಡ್ಡದ ಕಾವಲುಗಾರ ತಡೆದ. ಲೈನಿನಲ್ಲೇ ಹುಟ್ಟಿ ಬೆಳೆದ, ತಮಿಳು ಮನೆಮಾತಿನವನು. ನಾನು ಅಂದು ಜೊತೆಗಿದ್ದೆ.

"ಎನ್ನ ಸಾರ್ ಇದು? ಮೂಟೆಯಲ್ಲಿ ಏನು?"

"ಮರಳು ಕಣಪ್ಪ. ಇಲ್ಲೀದೇ. ವಾಪಸ್ ಆಕಕ್ ಬಂದಿವ್ನಿ."

ಅವನು ಚೀಲ ಬಿಚ್ಚಿಸಿ ನೋಡಿದ. ಮೇಷ್ಟ್ರನ್ನು ನೋಡಿದ. ನನ್ನನ್ನು ನೋಡಿದ. "ಸಾರ್, ತಗೊಂಡ್ ಓಗೋರ್ನ ಇಡಿಯಕ್ಕೆ ನನ್ನ ಇಲ್ಲಿ ನಿಲ್ಸಿರೋದು. ತಂದು ಆಕೋರ್ನ ಏನ್ ಮಾಡ್ಬೇಕು ಅಂತ ಯಾರೂ ಏಳಿಲ್ಲ."

"ಅಂಗಾರೆ ಬಿಡು."

"ಬಿಡು ಅಂತಾನೂ ಏಳಿಲ್ಲ ಸಾರ್."

ಅರ್ಧ ಗಂಟೆ ಮಾತಾಯಿತು. ಕೊನೆಗೆ ಅವನು ಆ ಕಡೆ ಮುಖ ತಿರುಗಿಸಿ ಬೀಡಿ ಹಚ್ಚಿದ. ಮೂರನೇ ಭಾನುವಾರದ ಹೊತ್ತಿಗೆ ಚೀಲದ ಇನ್ನೊಂದು ತುದಿ ಅವನೇ ಹಿಡಿಯುತ್ತಿದ್ದ.

ಬರಿದೇ ಸುರಿದರೆ ಮತ್ತೆ ಹಾರುತ್ತದೆ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಗಾಳಿಯ ಮರೆಯ ಬದಿ ಆರಿಸಿ, ಗುಣಿ ತೋಡಿ ಮರಳು ಹಾಕಿ, ಮೇಲೆ ಮನೆಯಿಂದ ತಂದ ಕೊಟ್ಟಿಗೆ ಗೊಬ್ಬರ ಹಾಸಿ, ಹೊಂಗೆ ಬೀಜ ಊರುತ್ತಿದ್ದರು. ಬೂದಿಕೋಟೆಯಿಂದ ಬರುವಾಗ ಚೀಲದಲ್ಲಿ ಗೊಬ್ಬರ ಬರುತ್ತಿತ್ತು. ಮೊದಲ ಬೇಸಿಗೆಯಲ್ಲಿ ಹೊಂಗೆ ಸಸಿಗಳೆಲ್ಲ ಒಣಗಿದವು. ಮತ್ತೆ ಊರಿದರು.

ನಾನು ಒಮ್ಮೆ ಅವರ ಮನೆಗೆ ಹೋದಾಗ ಹೆಂಡತಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನನ್ನನ್ನು ಕಂಡದ್ದೇ ಶುರುವಾಯಿತು. "ಬಾರಮ್ಮ ಪೇಪರ್‌ನೋಳೇ. ನೀನಾದ್ರೂ ಏಳು ಇವ್ರಿಗೆ. ನಮ್ ತಿಪ್ಪೆ ಗೊಬ್ರನೆಲ್ಲ ತಗೊಂಡೋಗಿ ಆ ಗುಡ್ಡಕ್ಕೆ ಸುರೀತಾ ಅವ್ರೆ. ನಮ್ ಒಲ ಬಿಕೋ ಅಂತೈತೆ."

"ಎಲ್ಲಾನೂ ಅಲ್ಲ, ಅರ್ಧ," ಎಂದರು ಮೇಷ್ಟ್ರು ಅಂಗಳದಲ್ಲಿ ಓಡಾಡುತ್ತ.

"ಅರ್ಧ ಅಂತೆ! ಸೆಗಣಿ ಬಾಚೋಳು ನಾನು, ಅರ್ಧ ಲೆಕ್ಕ ಏಳೋರು ಇವ್ರು. ರಿಟೈರ್ ಆದ್ಮೇಲೆ ಮನೇಲ್ ಕೂತ್ಕೋತಾರೆ ಅಂತಿದ್ದೆ. ಕೂತ್ಕೊಳ್ಳೋ ಜಾತೀನೇ ಅಲ್ಲ ಇದು."

ಬಸ್ಸಿಗೆ ಬಿಡಲು ಬಂದಾಗ ಮೇಷ್ಟ್ರು ರಸ್ತೆಯ ಅಂಚಿನಲ್ಲಿ ಹಿಂದೆ ಮುಂದೆ ನಡೆಯುತ್ತ ಕೇಳಿದರು. "ನಿಮ್ ಪೇಪರ್‌ನಾಗೆ ತಿದ್ದುಪಡಿ ಅಂತ ಒಂದ್ ಚಿಕ್ಕದು ಆಕ್ತೀರಲ್ಲ, ತಪ್ಪಾದಾಗ. ಅಂಗೊಂದು ಆಕ್ತೀಯೇನಮ್ಮ? ಮರಳು ಒತ್ಕಂಡ್ ಓಗ್ತಾ ಇವ್ನಲ್ಲ, ಜನ ನನ್ನ ದೊಡ್ ಮನುಷ್ಯ ಅಂತಾವ್ರೆ. ಮೊನ್ನೆ ಒಬ್ರು ಆರ ಆಕಕ್ ಬಂದಿದ್ರು. ನಂಗೆ ತಡ್ಕೊಳ್ಳಕ್ಕಾಗ್ತಿಲ್ಲ."

ಹಾಕುತ್ತೇನೆ ಎಂದೆ. ತಿದ್ದುಪಡಿ ಎಂದರೆ ನಾನು ತೆಗೆದದ್ದನ್ನು ಸಂಪಾದಕರ ಮುಂದೆ ಒಪ್ಪಿಕೊಳ್ಳಬೇಕಿತ್ತು. ಆ ವಾರ ಚುನಾವಣೆ ಎಂದುಕೊಂಡೆ. ಮುಂದಿನ ವಾರ ಇನ್ನೇನೋ. ಸಿಕ್ಕಾಗ ಅವರು ಮತ್ತೆ ಕೇಳಲಿಲ್ಲ. ಪತ್ರಿಕೆ ಕೈಗೆತ್ತಿಕೊಂಡಾಗ ಮೊದಲು ತಿದ್ದುಪಡಿ ಬರುವ ಮೂಲೆಯನ್ನು ನೋಡುತ್ತಿದ್ದರು ಎಂದು ಅವರ ಹೆಂಡತಿ ನಂತರ ಹೇಳಿದರು.

ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ, ಗಾಡಿಯ ಮುಂದೆ ಗೊಬ್ಬರದ ಚೀಲ ಇಟ್ಟುಕೊಂಡವರು ಎದೆ ಬಿಗಿಯುತ್ತದೆ ಎಂದರು. ಬಂಗಾರಪೇಟೆ ಮುಟ್ಟುವ ಮೊದಲೇ ಆಟೊದಲ್ಲಿ ತೀರಿಕೊಂಡರು. ಹೃದಯಾಘಾತ ಎಂದರು ವೈದ್ಯರು. ಆ ಸಾವಿಗೂ ಮರಳಿಗೂ ಸಂಬಂಧವಿದೆ ಎಂದು ಯಾರೂ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಆ ಗುಂಡಿಯಲ್ಲಿ ಎರಡು ವರ್ಷ ಜಿಗಿದ ನನಗೆ ಈವರೆಗೆ ಏನೂ ಆಗಿಲ್ಲ, ಅದನ್ನೂ ಇಲ್ಲಿ ಬರೆಯಬೇಕು.

ಹನ್ನೊಂದನೇ ದಿನದ ಊಟದ ನಂತರ ಅವರ ಹೆಂಡತಿ ತಗಡಿನ ಟ್ರಂಕು ಎಳೆದು ತಂದರು. ನಿವೃತ್ತಿಯ ದಿನ ಮೇಷ್ಟ್ರು ಶಾಲೆಯಿಂದ ತಂದದ್ದು. ಒಳಗೆ ತಾರೀಖು ಬರೆದ ಬಟ್ಟೆಗಳು, ವರ್ಷದ ಪ್ರಕಾರ ಕಟ್ಟು ಕಟ್ಟಿದ್ದವು.

"ಇದನ್ನ ಏನ್ ಮಾಡ್ಲಮ್ಮ? ತೊಳೆದು ನೆಲ ಒರೆಸಕ್ಕೆ ಇಟ್ಕೊಳ್ಳನ ಅಂದ್ರೆ, ತೊಳೆದ್ ನೀರು ಎಲ್ಲಿಗ್ ಓಯ್ತದೆ ಅಂತ ಕೇಳೋರು. ಸುಟ್ರೆ ಒಗೆ ಎಲ್ಲಿಗ್ ಓಯ್ತದೆ ಅನ್ನೋರು. ನಂಗ್ ಭಯ ಆಯ್ತದೆ, ನೀನೇ ತಗೊಂಡೋಗು."

ಟ್ರಂಕು ಈಗ ನನ್ನ ಕಚೇರಿಯ ಮೇಜಿನ ಕೆಳಗಿದೆ. ತೆಗೆದುಹಾಕಿದ್ದ ನಾಲ್ಕು ವಾಕ್ಯಗಳು ಇವು:

ಶಾಲೆಯ ಉದ್ದ ಜಿಗಿತದ ಗುಂಡಿಗೆ ಸೈನೈಡ್ ಗುಡ್ಡದ ಮರಳನ್ನು ತರಿಸಿದವರು ಅದೇ ಶಾಲೆಯ ವಿಜ್ಞಾನ ಶಿಕ್ಷಕರು. ಅಂದು ಅದರ ಅಪಾಯ ತಮಗೆ ತಿಳಿದಿರಲಿಲ್ಲ ಎಂದು ಅವರು ಹೇಳುತ್ತಾರೆ. ಮುಂದೆ ವಿದ್ಯಾರ್ಥಿನಿಯೊಬ್ಬಳು ಅದನ್ನು ಬರವಣಿಗೆಯಲ್ಲಿ ತೋರಿಸಿಕೊಟ್ಟ ಮೇಲೂ, ಕ್ರೀಡಾಕೂಟದಲ್ಲಿ ಶಾಲೆ ಗೆಲ್ಲಲಿ ಎಂದು ಗುಂಡಿಯನ್ನು ಮತ್ತೆ ತೆರೆದದ್ದಾಗಿ ಅವರು ಒಪ್ಪಿಕೊಂಡಿದ್ದಾರೆ. ಅಂದು ಗೆದ್ದವಳು ಈ ವರದಿಗಾರ್ತಿ.

ಮೇಷ್ಟ್ರು ತೀರಿಕೊಂಡಾಗ ಗುಂಡಿ ಪೂರ್ತಿ ಖಾಲಿಯಾಗಿತ್ತು. ತುಂಬಿ ಹೊಲಿದ ಹನ್ನೊಂದು ಚೀಲಗಳು ಪ್ರಯೋಗಾಲಯದ ಕೋಣೆಯಲ್ಲಿ ಉಳಿದಿದ್ದವು. ಕಾವಲುಗಾರ ತನ್ನ ರಜೆಯ ದಿನಗಳಲ್ಲಿ ತಳ್ಳುಗಾಡಿಯಲ್ಲಿ ಏಳು ಚೀಲ ಒಯ್ದ. ಬೂದಿಕೋಟೆಯಿಂದ ಗೊಬ್ಬರ ಈಗಲೂ ಬರುತ್ತದೆ, ಹಾಲಿನ ವ್ಯಾನಿನಲ್ಲಿ. ಗುಡ್ಡದ ಬುಡದಲ್ಲಿ ಹದಿನಾಲ್ಕು ಹೊಂಗೆ ಗಿಡಗಳು ನಿಂತಿವೆ.

ಕಳೆದ ಭಾನುವಾರ ಕೋಣೆಯಲ್ಲಿ ನಾಲ್ಕು ಚೀಲಗಳಿದ್ದವು. ಒಂದರ ಇನ್ನೊಂದು ತುದಿ ನಾನು ಹಿಡಿದೆ. ಈ ಭಾನುವಾರ ಮೂರು ಇವೆ.